ಆಟದ ಪೆಟ್ಟಿಗೆಗೊಂದು ಬಾಗಿಲು

ಒಂದು ಪೆಟ್ಟಿಗೆಯಲ್ಲಿ ಒಂದೇ ಆಟ ಇದ್ದ ಕಾಲದಲ್ಲಿ ಆಯ್ಕೆಯೆಂಬುದು ಕಾಲಿನ ಕೆಲಸವಾಗಿತ್ತು. ವಿಡಿಯೊ ಗೇಮ್ ಅಂಗಡಿಯೊಳಗೆ ಬಂದ ಹುಡುಗ ತನಗೆ ಬೇಕಾದ ಪೆಟ್ಟಿಗೆಯ ಮುಂದೆ ಹೋಗಿ ನಿಲ್ಲುತ್ತಿದ್ದ, ನಾಣ್ಯ ಹಾಕುತ್ತಿದ್ದ, ಆಡುತ್ತಿದ್ದ. ಓದು ಬರಹ ಬಾರದಿದ್ದರೂ ನಡೆಯುತ್ತಿತ್ತು. ಈಗ ಅಂಗೈಯಗಲದ ಒಂದು ಬೋರ್ಡಿನೊಳಗೆ ಆ ಕಾಲದ ಸಾವಿರಾರು ಆಟಗಳನ್ನು ತುಂಬಿಡಬಹುದು. ತುಂಬುವುದೇನೋ ಸುಲಭ. ತುಂಬಿದ ಸಾವಿರದಲ್ಲಿ ಬೇಕಾದ ಒಂದನ್ನು ಹೊರಗೆ ಕರೆಯುವುದು ಹೇಗೆಂಬುದೇ ಪ್ರಶ್ನೆ. ಅದಕ್ಕೊಂದು ಬಾಗಿಲು ಬೇಕು. ಕಂಪ್ಯೂಟರ್ ಬಲ್ಲವರು ಅದನ್ನು ‘ಫ್ರಂಟ್ ಎಂಡ್’ ಎನ್ನುತ್ತಾರೆ.

ನಮ್ಮ ಕಡೆಯ ಓದುಗರಿಗೆ ಇದನ್ನು ಹೀಗೆ ಹೇಳಿದರೆ ಬೇಗ ತಿಳಿದೀತು. ಹಳೆಯ ಯಂತ್ರದ ವೇಷ ಹಾಕುವ ತಂತ್ರಾಂಶಕ್ಕೆ ‘ಎಮ್ಯುಲೇಟರ್’ ಎಂದು ಹೆಸರು. ಅದು ಹಗಲುವೇಷದವನಂತೆ. ಇಂದು ಒಂದು ಯಂತ್ರವಾಗುತ್ತದೆ, ನಾಳೆ ಇನ್ನೊಂದಾಗುತ್ತದೆ. ಒಳಗಿರುವ ಆಟಕ್ಕೆ ತಾನು ಹುಟ್ಟಿದ ಮನೆಯಲ್ಲೇ ಇದ್ದೇನೆಂಬ ನಂಬಿಕೆ ಬರುವಷ್ಟು ಚೆನ್ನಾಗಿ ನಟಿಸುತ್ತದೆ. ಫ್ರಂಟ್ ಎಂಡ್ ಎಂಬುದು ದೊಡ್ಡಾಟದ ಸಾರಥಿ. ಯಾರು ಬಂದರು, ಅವರ ಹೆಸರೇನು, ಮುಂದೆ ಯಾರು ಬರಬೇಕು ಎಂಬುದನ್ನೆಲ್ಲ ನಿಂತವರಿಗೆ ತಿಳಿಯುವಂತೆ ಹೇಳುವವನು ಅವನು. ಸಾರಥಿಯ ಭಾಷೆ ತಿಳಿಯದಿದ್ದರೆ ಎಂಥ ಆಟವಿದ್ದರೂ ನೋಡುವವನಿಗೆ ಅದು ಗದ್ದಲವಷ್ಟೇ.

ಈ ಸಾರಥಿಯ ಆಯ್ಕೆ ನಮ್ಮ ಮನೆಯಲ್ಲಿ ನಾಲ್ಕು ತಿಂಗಳ ಚರ್ಚೆಗೆ ಕಾರಣವಾಯಿತು. ಕಾರಣ ತಿಳಿಯಬೇಕಾದರೆ ಮೂವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲಬರ್ಗಾ ಜಿಲ್ಲೆಯ ತಾಲೂಕುಗಳು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು. ನಾರಾಯಣಪುರದ ಕಾಲುವೆ ನೀರು ಹರಿದ ಕಡೆ ಭತ್ತ ಬಂದು, ಸಂತೆಗಳಲ್ಲಿ ಸ್ವಲ್ಪ ಕಾಸು ಓಡಾಡತೊಡಗಿದ್ದ ದಿನಗಳವು. ಬಸ್‌ಸ್ಟ್ಯಾಂಡಿನ ಸುತ್ತ ಎಸ್.ಟಿ.ಡಿ. ಬೂತು, ಕ್ಯಾಸೆಟ್ ಅಂಗಡಿ, ವಿಡಿಯೊ ಗೇಮ್ ಅಂಗಡಿಗಳು ಹುಟ್ಟಿಕೊಂಡವು. 1995ರಲ್ಲಿ ನನ್ನ ಮಾಮು ಶಹಾಪುರದಲ್ಲಿ ನಾಲ್ಕು ಪೆಟ್ಟಿಗೆಗಳನ್ನಿಟ್ಟು ಅಂಥದ್ದೊಂದು ಅಂಗಡಿ ತೆರೆದರು. ಒಂದು ಆಟಕ್ಕೆ ಒಂದು ರೂಪಾಯಿ. ಬಿಸಿಲು ಗಾಜಿಗೆ ಹೊಡೆದರೆ ಚಿತ್ರ ಕಾಣುವುದಿಲ್ಲವೆಂದು ಬಾಗಿಲಿಗೆ ದಪ್ಪನೆಯ ನೀಲಿ ಪರದೆ. ಆ ಪರದೆಯ ಒಳಗೆ ಶಾಲೆ ತಪ್ಪಿಸಿದವರು, ಗ್ಯಾರೇಜಿನ ಹುಡುಗರು, ಹತ್ತಿ ಗಾಡಿಯ ಜೊತೆ ಹಳ್ಳಿಯಿಂದ ಬಂದವರು, ಎಲ್ಲ ಜಾತಿಯ ಎಲ್ಲ ಓಣಿಯ ಹುಡುಗರು ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಗದ್ದವಿಟ್ಟು ನಿಂತಿರುತ್ತಿದ್ದರು. ಮಸೀದಿಯ ಓಣಿಯವರು, ಮಠದ ಓಣಿಯವರು ಎಂದು ಬೇರೆ ಸಾಲು ಇರಲಿಲ್ಲ. ಇದ್ದದ್ದು ಒಂದೇ ಸಾಲು, ಅದೂ ಪೆಟ್ಟಿಗೆಯ ಅಂಚಿನ ಮೇಲಿಟ್ಟ ನಾಣ್ಯಗಳ ಸಾಲು. ಯಾರ ನಾಣ್ಯ ಮುಂದಿದೆಯೋ ಅವರ ಪಾಳಿ ಮುಂದೆ.

ಈ ನಾಲ್ಕರಲ್ಲಿ ಹೆಚ್ಚು ದುಡಿದ ಪೆಟ್ಟಿಗೆ ‘ಮುಸ್ತಫಾ’. ಭಾರತದಲ್ಲಿ ತೊಂಬತ್ತರ ದಶಕದಲ್ಲಿ ಹುಡುಗರಾಗಿದ್ದವರಿಗೆ ಈ ಹೆಸರು ಹೇಳಿದರೆ ಸಾಕು. ಆದರೆ ಆ ಹೆಸರಿನ ಆಟವೇ ಜಗತ್ತಿನಲ್ಲಿಲ್ಲ. ಅದರ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಜಪಾನಿನ ಕ್ಯಾಪ್‌ಕಾಮ್ ಕಂಪನಿ ಅದನ್ನು 1993ರಲ್ಲಿ ಹೊರತಂದಿತು. ಅಮೆರಿಕದ ಮಾರ್ಕ್ ಶುಲ್ಟ್ಜ್ ಬರೆದ ‘ಝೀನೋಝೋಯಿಕ್ ಟೇಲ್ಸ್’ ಎಂಬ ಚಿತ್ರಕಥೆ ಅದಕ್ಕೆ ಆಧಾರ. ಆಡುವವರು ಆರಿಸಿಕೊಳ್ಳಬಹುದಾದ ಪಾತ್ರಗಳು ನಾಲ್ಕು: ಜ್ಯಾಕ್, ಹನ್ನಾ, ಮುಸ್ತಫಾ, ಮೆಸ್. ಹಳದಿ ಟೋಪಿಯ ಮುಸ್ತಫಾ ಚುರುಕಾಗಿ ಓಡುತ್ತಾನೆ, ಹಾರಿ ಒದೆಯುತ್ತಾನೆ. ನಮ್ಮ ಹುಡುಗರಿಗೆ ಕ್ಯಾಡಿಲಾಕ್ ಕಾರೂ ಗೊತ್ತಿರಲಿಲ್ಲ, ಆ ಉದ್ದನೆಯ ಹೆಸರು ನಾಲಿಗೆಗೂ ಹೊರಳಲಿಲ್ಲ. ನಾಲ್ವರಲ್ಲಿ ತಮ್ಮ ಓಣಿಯಲ್ಲಿ ಕೇಳಿದ ಹೆಸರು ಇದ್ದದ್ದು ಒಬ್ಬನಿಗೆ ಮಾತ್ರ. ಹೀಗೆ ಆಟಕ್ಕೇ ಅವನ ಹೆಸರಾಯಿತು. ಪಾಕಿಸ್ತಾನದಲ್ಲೂ ಈಜಿಪ್ಟಿನಲ್ಲೂ ಇದೇ ಆಗಿದೆಯೆಂದು ಮುಂದೆ ತಿಳಿದಾಗ ನನಗೆ ಸೋಜಿಗವೆನಿಸಲಿಲ್ಲ. ಕಂಪನಿ ಇಟ್ಟ ಹೆಸರು ಪೆಟ್ಟಿಗೆಯ ನೆತ್ತಿಯ ಮೇಲಿರುತ್ತದೆ. ಜನ ಇಟ್ಟ ಹೆಸರು ಜನರ ಬಾಯಲ್ಲಿರುತ್ತದೆ.

ಮಾಮುಗೆ ಈ ಹೆಸರಿನ ಬಗ್ಗೆ ಒಂದು ಸಂಕೋಚವೂ ಇತ್ತು. ಅದು ಪ್ರವಾದಿಯವರಿಗೆ ಸಲ್ಲುವ ಹೆಸರು. ಸೋತ ಹುಡುಗರು ಪೆಟ್ಟಿಗೆಗೆ ಗುದ್ದಿ ಬೈಯುವುದು ಎಲ್ಲ ಊರಿನಲ್ಲೂ ಇದ್ದದ್ದೇ. “ಆ ಹೆಸರ ಹಿಡದು ಬೈಗುಳ ಆಡಬ್ಯಾಡ್ರಪ್ಪ, ಬೇಕಾದ್ರ ನನಗ ಬೈರಿ” ಎನ್ನುತ್ತಿದ್ದರು. ಅಚ್ಚರಿಯೆಂದರೆ ಹುಡುಗರು ಈ ಮಾತು ಕೇಳಿದರು. ಶಹಾಪುರದಲ್ಲಿ ಬೈಗುಳವಿಲ್ಲದ ಗೇಮ್ ಅಂಗಡಿಯೆಂಬ ಹೆಸರು ನಮ್ಮದಕ್ಕೆ ಬಂದದ್ದು ಹಾಗೆ.

ಆ ಪರದೆಯ ಹೊರಗೂ ಒಂದು ಲೋಕವಿತ್ತು. ನನ್ನ ಆಪಾ ದಿನಾ ಮಧ್ಯಾಹ್ನ ಮಾಮುಗೆ ಊಟದ ಡಬ್ಬಿ ತರುತ್ತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಪರದೆಯ ಹೊರಗೆ ನಿಂತು ಡಬ್ಬಿ ಒಳಗೆ ಚಾಚಿ, ಹಿಂದಿನ ದಿನದ ಖಾಲಿ ಡಬ್ಬಿ ಇಸಿದುಕೊಂಡು ಹೋಗುತ್ತಿದ್ದಳು. ಒಳಗೆ ಬರಬಾರದೆಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಗೇಮ್ ಅಂಗಡಿಯೊಳಗೆ ಹುಡುಗಿಯರು ಹೋಗುವುದಿಲ್ಲ ಎಂಬುದು ಮಳೆಗಾಲದಲ್ಲಿ ಮಳೆ ಬರುತ್ತದೆ ಎಂಬಷ್ಟೇ ಸಹಜವಾಗಿ ಎಲ್ಲರಿಗೂ ಗೊತ್ತಿತ್ತು.

ಸೈಬರ್ ಕೆಫೆ ಬಂತು, ಮೊಬೈಲ್ ಬಂತು. 2006ರಲ್ಲಿ ಮಾಮು ಅಂಗಡಿ ಮುಚ್ಚಿದರು. ಮೂರು ಪೆಟ್ಟಿಗೆ ಗುಜರಿಗೆ ಹೋದವು. ಮುಸ್ತಫಾದ ಪೆಟ್ಟಿಗೆ ಮಾತ್ರ ಸುರಪುರದ ನಮ್ಮ ಹಳೆಯ ಮನೆಯ ಕಟ್ಟಿಗೆ ಕೋಣೆ ಸೇರಿ, ಹದಿನಾರು ವರ್ಷ ತೊಗರಿ ಚೀಲ ಹೊತ್ತು ನಿಂತಿತು. ಅದನ್ನು ಕೊಡದಿರಲು ಕಾರಣ ಅದರ ಪಕ್ಕದ ಹಲಗೆಯ ಮೇಲಿನ ಚಿತ್ರ. ಸುರಪುರದ ಚಿತ್ರಕಲೆಗೆ ಅರಸರ ಕಾಲದಿಂದ ಹೆಸರಿದೆ. ಈ ಪೆಟ್ಟಿಗೆಗೆ ಬಣ್ಣ ಹಚ್ಚಿದವರು ಅಂಗಡಿ ಬೋರ್ಡು, ಲಾರಿ ಹಿಂಬದಿ ಬರೆಯುವ ಅದೇ ಊರಿನ ಒಬ್ಬ ಪೇಂಟರ್. ಆಟವನ್ನು ಹತ್ತು ನಿಮಿಷ ನೋಡಿ, ಹಳದಿ ಟೋಪಿಯ ಹುಡುಗನನ್ನು ಡೈನೋಸಾರಿನ ಮುಂದೆ ನಿಲ್ಲಿಸಿದ್ದರು. ಡೈನೋಸಾರಿಗೆ ನಮ್ಮ ಕಡೆಯ ಉಡದ ಮುಖವಿತ್ತು.

2021ರಲ್ಲಿ ಮಾಮುಗೆ ಲಕ್ವಾ ಹೊಡೆಯಿತು. ಬಲಗೈ ಎತ್ತುವುದು ಮರಳಿ ಬಂತು, ಬೆರಳುಗಳು ಬರಲಿಲ್ಲ. ಬೆರಳಿಗೆ ಕೆಲಸ ಕೊಡಿ, ಹಿಡಿಯುವುದು, ಒತ್ತುವುದು, ತಿರುಗಿಸುವುದು ಮಾಡಿಸಿ ಎಂದು ವ್ಯಾಯಾಮ ಹೇಳಿಕೊಡಲು ಬರುತ್ತಿದ್ದವರು ಹೇಳಿದರು. ರಬ್ಬರ್ ಚೆಂಡು ಕೊಟ್ಟರೆ ಮಾಮು ಎರಡು ಸಲ ಒತ್ತಿ ಪಕ್ಕಕ್ಕಿಡುತ್ತಿದ್ದರು. ನಾನು ಯಾದಗಿರಿಯಲ್ಲಿ ಕಂಪ್ಯೂಟರ್ ರಿಪೇರಿ, ಡಿ.ಟಿ.ಪಿ. ಕೆಲಸದ ಅಂಗಡಿ ಇಟ್ಟುಕೊಂಡವನು. 2022ರ ಬೇಸಿಗೆಯಲ್ಲಿ ಆ ಪೆಟ್ಟಿಗೆಯನ್ನು ಟೆಂಪೋದಲ್ಲಿ ತರಿಸಿದೆ.

ಒಳಗಿನ ಪಿಕ್ಚರ್ ಟ್ಯೂಬ್ ಸತ್ತಿತ್ತು. ಬೋರ್ಡನ್ನು ಇಲಿ, ತೇವ ಎರಡೂ ತಿಂದಿದ್ದವು. ಈ ಆಟದ ಮೂಲ ಬೋರ್ಡುಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಧ್ವನಿಯ ಭಾಗದ ಚಿಪ್ಪಿಗೆ ಗುಪ್ತಲಿಪಿಯ ಕೀಲಿಕೈಯನ್ನು ಒಂದು ಸಣ್ಣ ಬ್ಯಾಟರಿ ಕಾಯುತ್ತಿರುತ್ತದೆ. ಬ್ಯಾಟರಿ ಸತ್ತರೆ ಕೀಲಿಕೈಯೂ ಹೋಗುತ್ತದೆ. ನಕಲು ಮಾಡಬಾರದೆಂದು ಕಂಪನಿ ಮಾಡಿದ ಏರ್ಪಾಟು ಅದು. ಹಾಗಾಗಿ ಆ ಕಾಲದ ಆಟಗಳು ಉಳಿಯಬೇಕಾದರೆ ಬೋರ್ಡನ್ನೇ ನಂಬಿ ಕೂರುವಂತಿಲ್ಲ. 1997ರ ಫೆಬ್ರವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ‘ಮೇಮ್’ ಎಂಬ ಎಮ್ಯುಲೇಟರನ್ನು ಹೊರತಂದರು. ಇಂಥ ಯಂತ್ರಗಳು ಹೇಗೆ ಕೆಲಸ ಮಾಡುತ್ತಿದ್ದವೆಂಬುದನ್ನು ಅಳಿಯುವ ಮೊದಲು ದಾಖಲಿಸಿಡುವುದೇ ಅದರ ಮುಖ್ಯ ಉದ್ದೇಶ. ಅನೇಕ ಸ್ವಯಂಸೇವಕರು ಸೇರಿ ಬೆಳೆಸಿದ ಅದು 2016ರಿಂದ ಎಲ್ಲರಿಗೂ ಮುಕ್ತವಾದ ತಂತ್ರಾಂಶವಾಗಿದೆ. ನಾನು ಪೆಟ್ಟಿಗೆಯೊಳಗೆ ಹಳೆಯ ಎಲ್.ಸಿ.ಡಿ. ಮಾನಿಟರ್ ಕೂರಿಸಿ, ‘ರಾಸ್ಪ್‌ಬೆರಿ ಪೈ 4’ ಎಂಬ ಪುಟ್ಟ ಕಂಪ್ಯೂಟರ್ ಹಾಕಿ, ಹಳೆಯ ಹಿಡಿಕೆ ಗುಂಡಿಗಳ ವಯರುಗಳನ್ನು ಯು.ಎಸ್.ಬಿ.ಗೆ ಜೋಡಿಸಿದೆ. ಅಲ್ಲಿಗೆ ದೇಹ ಸಿದ್ಧವಾಯಿತು. ಬಾಗಿಲು ಮಾತ್ರ ಉಳಿಯಿತು.

ಆಪಾಳ ಮಗ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜೆಗೆ ಬಂದವನು ಇದರಲ್ಲಿ ಕೈಹಾಕಿದ. ಅವನ ಮನಸ್ಸು ಮೊದಲು ‘ಹೈಪರ್‌ಸ್ಪಿನ್’ ಕಡೆ ಹೋಯಿತು. ಆಟಗಳ ಹೆಸರುಗಳು ಚಕ್ರದಂತೆ ತಿರುಗುತ್ತವೆ, ಹಿಂದೆ ಚಿತ್ರಗಳು ಹಾರುತ್ತವೆ, ನೋಡಲು ಜಾತ್ರೆಯ ತೇರಿನಂತಿರುತ್ತದೆ. ಅದಕ್ಕೆ ವಿಂಡೋಸ್ ಬೇಕು, ಹೊಂದಿಸಲು ತಾಳ್ಮೆಯೂ ಬಹಳ ಬೇಕು. ಅಲ್ಲಿಂದ ‘ಲಾಂಚ್‌ಬಾಕ್ಸ್’ಗೆ ಬಂದ. ಅದು ಅಚ್ಚುಕಟ್ಟು, ಆಟಗಳ ಚಿತ್ರ ವಿವರಗಳನ್ನು ತಾನೇ ತಂದು ಜೋಡಿಸುತ್ತದೆ. ಆದರೆ ಪೆಟ್ಟಿಗೆಗೆ ಹೊಂದುವ ಅದರ ಪೂರ್ಣ ಪರದೆಯ ರೂಪ ‘ಬಿಗ್ ಬಾಕ್ಸ್’ಗೆ ಹಣ ಕೊಟ್ಟು ಪರವಾನಗಿ ಪಡೆಯಬೇಕು. ‘ಎಮ್ಯುಲೇಷನ್‌ಸ್ಟೇಷನ್’ ಉಚಿತ, ರಾಸ್ಪ್‌ಬೆರಿ ಪೈಗೆಂದೇ ಸಿದ್ಧಪಡಿಸಿದ ‘ರೆಟ್ರೋಪೈ’ ಜೊತೆಗೇ ಬರುತ್ತದೆ. ‘ಅಟ್ರ್ಯಾಕ್ಟ್ ಮೋಡ್’ ಕೂಡ ಉಚಿತ. ಅದು ಹಿಡಿಕೆಯಿಂದಲೇ ನಡೆಯುವಂತೆ ಆರ್ಕೇಡ್ ಪೆಟ್ಟಿಗೆಗಾಗಿ ರೂಪಿಸಿದ್ದು. ಪರದೆಯ ಮೇಲೆ ಏನು ಎಲ್ಲಿ ಕಾಣಬೇಕೆಂಬುದನ್ನು ನಾವೇ ಸಣ್ಣ ಕ್ರಮವಿಧಿ ಬರೆದು ಹೇಳಬಹುದು. ಇವಾವುದೂ ಬೇಡವೆಂದರೆ ಮೇಮ್‌ನಲ್ಲೇ ಒಂದು ಪಟ್ಟಿ ಇದೆ. ಇಂಗ್ಲಿಷ್ ಹೆಸರುಗಳ ಉದ್ದನೆಯ ಪಟ್ಟಿ, ಸರ್ಕಾರಿ ಕಚೇರಿಯ ದಾಖಲೆ ಪುಸ್ತಕದಂತೆ.

ಅವನು ಇವುಗಳ ಅಂದ ಚೆಂದ ಹೋಲಿಸುತ್ತಿದ್ದ. ನಾನು ಪೆಟ್ಟಿಗೆಯ ಮುಂದೆ ನಿಲ್ಲುವವರು ಯಾರೆಂದು ಯೋಚಿಸುತ್ತಿದ್ದೆ. ನಿಲ್ಲುವವರು ಎಪ್ಪತ್ತರ ಹತ್ತಿರದ ಮಾಮು. ಕನ್ನಡ ನಾಲ್ಕನೆಯ ಇಯತ್ತೆ, ಉರ್ದು ಅದಕ್ಕಿಂತ ಹೆಚ್ಚು, ಇಂಗ್ಲಿಷ್ ಇಲ್ಲ. ಕಣ್ಣಿನಲ್ಲಿ ಪೊರೆ. ಅರ್ಧ ಕೆಲಸ ಮಾಡುವ ಕೈ. ಬೇರೆಯವರನ್ನು ಕರೆದು “ಆ ಆಟ ಹಚ್ಚಿಕೊಡು” ಎನ್ನಬೇಕಾದರೆ ಅವರು ಆಡುವುದೇ ಇಲ್ಲವೆಂದು ನನಗೆ ಗೊತ್ತಿತ್ತು. ಹತ್ತು ವರ್ಷ ಇನ್ನೊಬ್ಬರಿಗೆ ಆಟ ಹಚ್ಚಿಕೊಟ್ಟ ಮನುಷ್ಯ. ಲಕ್ವಾ ಹೊಡೆದ ಮೇಲೆ ಅಂಗಿಯ ಗುಂಡಿಗೂ ಇನ್ನೊಬ್ಬರನ್ನು ಕರೆಯಬೇಕಾಗಿ ಬಂದದ್ದೇ ಅವರಿಗೆ ಸಾಕಾಗಿತ್ತು.

ಹಾಗಾಗಿ ನನ್ನ ಪರೀಕ್ಷೆಗಳು ನಾಲ್ಕು. ಕೀಲಿಮಣೆ, ಮೌಸ್ ಇಲ್ಲದೆ ಸ್ವಿಚ್ ಒತ್ತಿದ ಕೂಡಲೇ ಆಟಗಳ ಮುಂದೆ ಬಂದು ನಿಲ್ಲಬೇಕು. ತಪ್ಪು ಗುಂಡಿ ಒತ್ತಿದರೆ ಏನೂ ಕೆಡಬಾರದು. ಕರೆಂಟ್ ಹೋದರೂ ತಡೆದುಕೊಳ್ಳಬೇಕು. ಇಂಗ್ಲಿಷ್ ಬಾರದವನಿಗೆ ಕಾಣಬೇಕು, ತಿಳಿಯಬೇಕು.

ಮೊದಲ ಮತ್ತು ಮೂರನೆಯ ಪರೀಕ್ಷೆಗಳಲ್ಲಿ ವಿಂಡೋಸ್ ಮೇಲೆ ನಿಂತವು ಹಿಂದೆ ಬಿದ್ದವು. ನಡುನಡುವೆ ಅಪ್‌ಡೇಟ್ ಕೇಳುವ, ಕರೆಂಟ್ ಹೋಗಿ ಬಂದಾಗ ಏನೇನೋ ಪ್ರಶ್ನೆ ಹಾಕುವ ಯಂತ್ರವನ್ನು ಮಾಮು ಮುಂದೆ ನಿಲ್ಲಿಸುವಂತಿರಲಿಲ್ಲ. ಪುಟ್ಟ ಕಂಪ್ಯೂಟರಿಗೂ ಒಂದು ದೌರ್ಬಲ್ಯವಿದೆ. ಅದರ ನೆನಪೆಲ್ಲ ಒಂದು ಮೆಮೊರಿ ಕಾರ್ಡಿನಲ್ಲಿರುತ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡು ಕೆಡಬಹುದು. ನಮ್ಮ ಕಡೆ ಕರೆಂಟಿನ ಕಥೆ ಓದುಗರಿಗೆ ಹೇಳಬೇಕಾಗಿಲ್ಲ. ಕಾರ್ಡಿನ ಮೇಲೆ ಏನನ್ನೂ ಬರೆಯದೆ ಬರಿ ಓದುವಂತೆ ಮಾಡುವ ಏರ್ಪಾಟು ಅದರ ವ್ಯವಸ್ಥೆಯಲ್ಲೇ ಇದೆ. ಹಾಗೆ ಮಾಡಿದರೆ ಆಟದ ಅಂಕಗಳೂ ಉಳಿಯುವುದಿಲ್ಲ, ಪ್ರತಿದಿನ ಎಲ್ಲರೂ ಸೊನ್ನೆಯಿಂದ ಶುರು. ಅಳಿಯನಿಗೆ ಇದು ನಷ್ಟವೆನಿಸಿತು. “ನಮ್ಮ ಅಂಗಡ್ಯಾಗೂ ಹಂಗೇ ಇತ್ತಲ್ಲ, ರಾತ್ರಿ ಸ್ವಿಚ್ ಆಫ್ ಮಾಡಿದ್ರ ಮುಂಜಾನಿ ಎಲ್ಲಾರೂ ಸರೀಕರೇ” ಎಂದರು ಮಾಮು. ಮನೆಯಲ್ಲಿ ನಾವಾಡುವುದು ದಖನಿ. ಅಂಗಡಿಯ ಮಾತು ಬಂದಾಗ ಮಾತ್ರ ಅವರ ಬಾಯಿಗೆ ತಾನಾಗಿ ಕನ್ನಡ ಬರುತ್ತದೆ.

ಎರಡನೆಯ ಪರೀಕ್ಷೆಯಲ್ಲಿ ಎಮ್ಯುಲೇಷನ್‌ಸ್ಟೇಷನ್ ಮುಂದಿತ್ತು. ಅದರಲ್ಲಿ ಸೆಟ್ಟಿಂಗುಗಳನ್ನೆಲ್ಲ ಮುಚ್ಚಿ ಆಟಗಳನ್ನಷ್ಟೇ ತೋರಿಸುವ ಒಂದು ಕ್ರಮವಿದೆ, ಮಕ್ಕಳಿಗೆಂದು ಗುರುತು ಮಾಡಿದವನ್ನಷ್ಟೇ ತೋರಿಸುವ ಇನ್ನೊಂದಿದೆ. ಬೀಗ ತೆರೆಯಲು ಹಿಡಿಕೆಯನ್ನು ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ ಆಡಿಸಿ ಎರಡು ಗುಂಡಿ ಒತ್ತಬೇಕು. ‘ಕಾಂಟ್ರಾ’ ಆಡಿದವರಿಗೆ ಈ ಕೀಲಿಕೈ ಎಲ್ಲಿಯದೆಂದು ಗೊತ್ತು. ಮನೆಯಲ್ಲಿ ಸಣ್ಣ ಮಕ್ಕಳಿರುವವರು ಈ ಒಂದು ಕಾರಣಕ್ಕೇ ಇದನ್ನು ಆರಿಸಿಕೊಂಡರೂ ತಪ್ಪಿಲ್ಲ.

ನಾಲ್ಕನೆಯ ಪರೀಕ್ಷೆಯೇ ಎಲ್ಲಕ್ಕಿಂತ ಕಠಿಣವಾಯಿತು. ಡಿ.ಟಿ.ಪಿ.ಯವನಾದ ನನಗೆ ಇದು ನಿತ್ಯದ ಕಷ್ಟ. ಇಂಗ್ಲಿಷ್ ಅಕ್ಷರಗಳನ್ನು ಇಟ್ಟಿಗೆಯಂತೆ ಸಾಲಾಗಿ ಇಟ್ಟರೆ ಪದವಾಗುತ್ತದೆ. ಕನ್ನಡಕ್ಕೆ ಇಟ್ಟರೆ ಸಾಲದು, ನೇಯಬೇಕು. ‘ಮುಸ್ತಫಾ’ ಎಂಬ ಪದವನ್ನೇ ನೋಡಿ. ಯೂನಿಕೋಡಿನಲ್ಲಿ ‘ಸ’, ಅದರ ಮುಂದೆ ಅರ್ಧಾಕ್ಷರದ ಗುರುತು, ಅದರ ಮುಂದೆ ‘ತ’ ಎಂದು ಬಿಡಿಬಿಡಿಯಾಗಿ ಇರುತ್ತವೆ. ಇವನ್ನು ಸೇರಿಸಿ ‘ಸ’ಕಾರದ ಕೆಳಗೆ ತಕಾರದ ಒತ್ತು ತಂದು ಕೂರಿಸುವ ಕೆಲಸವನ್ನು ಬೇರೊಂದು ತಂತ್ರಾಂಶ ಮಾಡಬೇಕು. ನಮ್ಮ ಮೊಬೈಲುಗಳಲ್ಲಿ, ಬ್ರೌಸರುಗಳಲ್ಲಿ ಅದು ಇರುತ್ತದೆ. ಎಮ್ಯುಲೇಷನ್‌ಸ್ಟೇಷನ್ನಿನಲ್ಲಾಗಲಿ ಅಟ್ರ್ಯಾಕ್ಟ್ ಮೋಡಿನಲ್ಲಾಗಲಿ ಅಕ್ಷರಗಳನ್ನು ಒಂದೊಂದಾಗಿ ಬಿಡಿಸುತ್ತಾರೆ, ನೇಯುವವನಿಲ್ಲ. ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ, ಸ್ವರಚಿಹ್ನೆ ಜಾಗ ತಪ್ಪುತ್ತದೆ. ಉರ್ದುವಿನ ಪಾಡು ಇನ್ನೂ ಕಷ್ಟ: ಬಲದಿಂದ ಎಡಕ್ಕೆ ಕೈಕೈ ಹಿಡಿದು ನಡೆಯಬೇಕಾದ ಅಕ್ಷರಗಳು ಎಡದಿಂದ ಬಲಕ್ಕೆ ಒಂದೊಂದೇ ಒಂಟಿಯಾಗಿ ನಿಲ್ಲುತ್ತವೆ. ವಿಂಡೋಸ್ ಮೇಲಿನ ಲಾಂಚ್‌ಬಾಕ್ಸಿನಲ್ಲಿ ಈ ತೊಂದರೆಯಿಲ್ಲ ಎಂಬುದನ್ನೂ ಹೇಳಬೇಕು. ಇದು ಯಾರ ದುರುದ್ದೇಶವೂ ಅಲ್ಲ. ಬಿಡುವಿನ ವೇಳೆಯಲ್ಲಿ ಪುಕ್ಕಟೆ ಕೆಲಸ ಮಾಡಿದ ಆ ಜನರ ಮನೆಯಲ್ಲಿ ಕನ್ನಡ ಓದುವ ಮಾಮು ಇರಲಿಲ್ಲ, ಅಷ್ಟೇ.

ಡಿ.ಟಿ.ಪಿ.ಯವರ ಬಳಿ ಇದಕ್ಕೊಂದು ಹಳೆಯ ಉಪಾಯವಿದೆ. ಯೂನಿಕೋಡ್ ಬರುವ ಮುಂಚಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಅವಕ್ಕೆ ನೇಯುವವನು ಬೇಕಿಲ್ಲ. ತುಂಡುಗಳು ತಾವೇ ಸರಿಯಾದ ಜಾಗದಲ್ಲಿ ಬಂದು ಬೀಳುತ್ತವೆ. ಹೆಸರುಗಳನ್ನೆಲ್ಲ ದೊಡ್ಡಕ್ಷರ ಮಾಡುವ ಆಯ್ಕೆಯನ್ನು ತೆಗೆದು ಅಂಥ ಫಾಂಟು ಹಾಕಿದಾಗ ಪರದೆಯ ಮೇಲೆ ಕನ್ನಡ ಮೂಡಿತು. ಅಳಿಯ ಕೈತಟ್ಟಿದ. ನನಗೆ ಸಮಾಧಾನವಾಗಲಿಲ್ಲ. ಕಾಣುವುದು ಕನ್ನಡವಾದರೂ ಕಡತದೊಳಗೆ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆ ಫಾಂಟು ಇಲ್ಲವಾದ ದಿನ ಅದು ಯಾರಿಗೂ ಓದಲು ಬಾರದು. ಇಪ್ಪತ್ತು ವರ್ಷದ ಹಿಂದಿನ ಶಾಲಾ ಸಂಚಿಕೆ, ಮದುವೆ ಪತ್ರಿಕೆ, ಸತ್ತವರ ನೆನಪಿನ ಪುಸ್ತಕಗಳ ಕಡತಗಳನ್ನು ತಂದು “ಇದನ್ನ ತೆರೆದುಕೊಡ್ರಿ” ಎಂದು ಕೇಳುವವರನ್ನು ನಾನು ತಿಂಗಳಿಗೊಬ್ಬರನ್ನಾದರೂ ನೋಡುತ್ತೇನೆ. ಉಳಿಸಲೆಂದು ಮಾಡುತ್ತಿದ್ದ ಕೆಲಸದಲ್ಲಿ ಅಳಿಯುವ ಅಕ್ಷರ ಬಳಸಲು ಮನಸ್ಸು ಒಪ್ಪಲಿಲ್ಲ.

ಕೊನೆಗೆ ಹೊಳೆದದ್ದು ಅಂಗಡಿ ಬೋರ್ಡಿನ ದಾರಿ. ಬೋರ್ಡು ಬರೆಯುವವನಿಗೆ ಫಾಂಟು ಬೇಕೆ? ಪ್ರತಿ ಆಟದ ಹೆಸರನ್ನೂ ನನ್ನ ಅಂಗಡಿಯಲ್ಲೇ ಕನ್ನಡದಲ್ಲಿ ದಪ್ಪವಾಗಿ, ಕೆಳಗೆ ಉರ್ದುವಿನಲ್ಲಿ ಬರೆದು, ಚಿತ್ರವಾಗಿ ಉಳಿಸಿದೆ. ಕಡತದಲ್ಲಿ ನಿಜವಾದ ಯೂನಿಕೋಡ್ ಕನ್ನಡದ ಹೆಸರೂ ಇರಲಿ, ಪರದೆಯ ಮೇಲೆ ಮಾತ್ರ ಚಿತ್ರ ಕಾಣಲಿ. ಹೀಗೆ ಮಾಡಲು ಎರಡೂ ಬಿಡುತ್ತವೆ.

ಯಾವ ಹೆಸರು ಬರೆಯಬೇಕೆಂಬ ಪ್ರಶ್ನೆ ಆಗ ಎದ್ದಿತು. ಮಾಮು ಮಂಚದ ಮೇಲೆ ಕೂತು ಹೇಳಿದರು, ನಾನು ಬರೆದುಕೊಂಡೆ. ಕ್ಯಾಪ್‌ಕಾಮಿನ ‘ಸ್ಟ್ರೀಟ್ ಫೈಟರ್ 2’ ಅವರ ಅಂಗಡಿಯಲ್ಲಿ ‘ಕುಸ್ತಿ’. ‘ಸ್ನೋ ಬ್ರದರ್ಸ್’ ಎಂಬುದು ‘ಬರ್ಫದ ಅಣ್ಣತಮ್ಮ’. ‘ಪ್ಯಾಕ್ ಮ್ಯಾನ್’ ಎಂಬುದು ‘ನುಂಗಣ್ಣ’. ಬೋರ್ಡು ಬದಲಾಯಿಸಿ ಬದಲಾಯಿಸಿ ಆ ನಾಲ್ಕು ಪೆಟ್ಟಿಗೆಗಳಲ್ಲಿ ಬಂದು ಹೋದ ಆಟಗಳು ಒಟ್ಟು ಹನ್ನೊಂದು. ಹನ್ನೊಂದರ ಹೆಸರೂ, ಯಾವ ವರ್ಷ ಯಾವ ಹುಡುಗ ಅದರಲ್ಲಿ ಗಟ್ಟಿಗನಾಗಿದ್ದ ಎಂಬುದೂ ಅವರಿಗೆ ನೆನಪಿತ್ತು. ಆ ಸಂಜೆ ಲಕ್ವಾ ಹೊಡೆದ ಮೇಲೆ ಮೊದಲ ಸಲ ಅವರು ಒಂದು ತಾಸು ಬಿಡದೆ ಮಾತಾಡಿದರು. ಮುಸ್ತಫಾದ ಚಿತ್ರಕ್ಕೆ ಕಂಪನಿಯ ಪೋಸ್ಟರ್ ಬಳಸಲಿಲ್ಲ. ಪೆಟ್ಟಿಗೆಯ ಪಕ್ಕದ ಆ ಉಡಮುಖದ ಡೈನೋಸಾರಿನ ಫೋಟೊ ತೆಗೆದು ಹಾಕಿದೆ.

ಎರಡರಲ್ಲಿ ಒಂದನ್ನು ಗೆಲ್ಲಿಸಿದ್ದು ಆಪಾ. ನಾವು ಮಾನಿಟರನ್ನು ಗೋಡೆಯ ಕಡೆ ತಿರುಗಿಸಿಟ್ಟು ಆಟಗಳ ಧ್ವನಿ ಪರೀಕ್ಷಿಸುತ್ತಿದ್ದೆವು. ರೊಟ್ಟಿ ಬಡಿಯುತ್ತಿದ್ದವಳು ಅಡುಗೆಮನೆಯಿಂದಲೇ “ಅದು ಬಾಗಿಲ ಹತ್ತಿರದ್ದು... ಇದು ಮೂಲಿಯಾಗಿಂದು” ಎಂದು ಒಂದೊಂದನ್ನೂ ಗುರುತಿಸಿದಳು. ಐದಾರು ವರ್ಷ ಡಬ್ಬಿ ಹಿಡಿದು ಪರದೆಯ ಹೊರಗೆ ನಿಂತವಳಿಗೆ ಎಲ್ಲ ಆಟಗಳ ಸದ್ದೂ ಗೊತ್ತು. ಒಂದರ ಚಿತ್ರವನ್ನೂ ನೋಡಿಲ್ಲ.

ಆಡುವವರಿಲ್ಲದಾಗ ಆರ್ಕೇಡ್ ಯಂತ್ರ ತಾನೇ ಒಂದಿಷ್ಟು ಆಡಿ ತೋರಿಸಿ ಗಿರಾಕಿಯನ್ನು ಕರೆಯುತ್ತದೆ. ಬಳೆಗಾರನ ಕೂಗಿನಂತೆ. ಅದಕ್ಕೇ ‘ಅಟ್ರ್ಯಾಕ್ಟ್ ಮೋಡ್’ ಎನ್ನುವುದು. ಆ ಫ್ರಂಟ್ ಎಂಡಿಗೆ ಹೆಸರು ಬಂದದ್ದೂ ಇದರಿಂದಲೇ. ಹೆಸರಿನ ಮೇಲೆ ಬಂದು ನಿಂತ ಕೂಡಲೇ ಆ ಆಟದ ತುಣುಕು ಸದ್ದಿನೊಂದಿಗೆ ಓಡುವುದು ಎಮ್ಯುಲೇಷನ್‌ಸ್ಟೇಷನ್ನಿನಲ್ಲೂ ಸಾಧ್ಯ. ಆದರೆ ಪರದೆಯ ತುಂಬ ಮನೆಗಳ ಚೌಕ ಬರೆದು, ಪ್ರತಿ ಮನೆಯಲ್ಲಿ ಚಿತ್ರವಿಟ್ಟು, ನಿಂತ ಮನೆಯನ್ನು ಮಾತ್ರ ದೊಡ್ಡದು ಮಾಡಿ ಸದ್ದು ಹೊರಡಿಸುವುದು ಅಟ್ರ್ಯಾಕ್ಟ್ ಮೋಡಿನಲ್ಲಿ ನನ್ನ ಕೈಗೆ ಸರಾಗವಾಗಿ ಬಂತು. ಸೆಟ್ಟಿಂಗುಗಳ ಬಾಗಿಲು ಕೀಲಿಮಣೆಯ ಒಂದು ಗುಂ‍ಡಿಯಲ್ಲಿರುತ್ತದೆ. ಕೀಲಿಮಣೆ ಕಿತ್ತಿಟ್ಟರೆ ಬೀಗ ಹಾಕಿದಂತೆ. ಮಾಮುಗೆ ಚಿತ್ರ, ಆಪಾಗೆ ಸದ್ದು. ಆಯ್ಕೆ ಅಲ್ಲಿಗೆ ಮುಗಿಯಿತು.

ನಾಣ್ಯದ ತೂತನ್ನು ಮುಚ್ಚೋಣವೆಂದು ಅಳಿಯ ಹೇಳಿದ. ಮೇಮ್‌ಗೆ ನಾಣ್ಯವೆಂದರೆ ಒಂದು ಗುಂಡಿಯ ಒತ್ತು ಮಾತ್ರ, ಮನೆಯಲ್ಲಿ ಯಾರಿಗೆ ದುಡ್ಡು ಕೊಡಬೇಕು? ಮಾಮು ಒಪ್ಪಲಿಲ್ಲ. ಈಗಿನ ರೂಪಾಯಿ ಅದರಲ್ಲಿ ನಡೆಯುವುದಿಲ್ಲ. 2011ರಲ್ಲಿ ಬಂದ ಹೊಸ ಚಿಹ್ನೆಯ ನಾಣ್ಯ ತೊಂಬತ್ತರ ದಶಕದ ನಾಣ್ಯಕ್ಕಿಂತ ಚಿಕ್ಕದು, ಜಾರಿ ಕೆಳಗೆ ಬರುತ್ತದೆ. ಅವರು ಹಳೆಯ ನಾಣ್ಯಗಳ ಒಂದು ಡಬ್ಬಿ ಇಟ್ಟುಕೊಂಡಿದ್ದರು. ಮೇಜಿನ ಮೇಲಿನ ನಾಣ್ಯವನ್ನು ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ, ತೂತಿಗೆ ಹಾಕುವುದು ವ್ಯಾಯಾಮದವರು ಹೇಳುತ್ತಿದ್ದುದೇ. ಚೆಂಡು ಒತ್ತಲು ಬೇಸರಪಡುತ್ತಿದ್ದ ಮನುಷ್ಯ ದಿನಕ್ಕೆ ಇಪ್ಪತ್ತು ನಾಣ್ಯ ಹಾಕತೊಡಗಿದರು. ಬೆರಳು ಪೂರ್ತಿ ಬಂದಿಲ್ಲ, ಬರಲಿಕ್ಕಿಲ್ಲ. ಅಂಗಿಯ ಮೇಲಿನ ಎರಡು ಗುಂಡಿಗಳನ್ನು ಈಗ ತಾವೇ ಹಾಕಿಕೊಳ್ಳುತ್ತಾರೆ.

ಹಕ್ಕಿನ ಮಾತನ್ನೂ ಇಲ್ಲಿ ಹೇಳಬೇಕು. ಎಮ್ಯುಲೇಟರ್ ಇಟ್ಟುಕೊಳ್ಳುವುದರಲ್ಲಿ ತಕರಾರಿಲ್ಲ. ಆಟ ಮಾತ್ರ ಅದರ ಒಡೆಯರದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಕಂಪ್ಯೂಟರ್ ಕ್ರಮವಿಧಿಯ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವನಿಗೆ, ಅದು ಕೆಟ್ಟುಹೋದೀತೆಂಬ ಮುಂಜಾಗ್ರತೆಗಾಗಿ ಪ್ರತಿ ಮಾಡಿಕೊಳ್ಳಲು ಬಿಡುತ್ತದೆ. ಸಿಕ್ಕಿದ್ದನ್ನೆಲ್ಲ ರಾಶಿ ಹಾಕಿಕೊಳ್ಳಲು ಅದು ಬಾಗಿಲಲ್ಲ. ಒಡೆಯರೇ ಉಚಿತವಾಗಿ ಬಿಟ್ಟುಕೊಟ್ಟ ಕೆಲವು ಆಟಗಳು ಮೇಮ್ ತಂಡದವರಲ್ಲೇ ಸಿಗುತ್ತವೆ, ಹಳೆಯ ಆಟಗಳ ಸಂಕಲನಗಳನ್ನು ಕಂಪನಿಗಳು ಮಾರುತ್ತವೆ. ಪೆನ್ ಡ್ರೈವಿನಲ್ಲಿ ಹತ್ತು ಸಾವಿರ ಆಟ ತುಂಬಿ ಮಾರುವವರಿದ್ದಾರೆ. ಅದನ್ನು ಕೊಳ್ಳುವ ಮುಂಚೆ ಮನೆಯ ಹಿರಿಯರೊಬ್ಬರು ಈ ಮಾತು ಆಡಿದರೆ ಒಳ್ಳೆಯದು. ಮಾಮು ತಮ್ಮದೇ ರೀತಿಯಲ್ಲಿ ಅದನ್ನು ಅಳಿಯನಿಗೆ ಹೇಳಿದರು: “ಅಲ್ಲೋ ತಮ್ಮಾ, ಹತ್ತು ಸಾವಿರ ಇದ್ರ ಹುಡುಗ್ರು ನೋಡ್ಕೊಂತನೇ ನಿಂದರ್ತಾರ. ಆಡೋದು ಯಾವಾಗ? ನಾವು ದುಡದು ತಂದಿದ್ದು ಹನ್ನೊಂದು. ಹನ್ನೊಂದೇ ಇರ್ಲಿ.”

ಪರದೆಯ ಮೇಲೆ ಹನ್ನೆರಡು ಮನೆಗಳಿವೆ. ಹನ್ನೆರಡನೆಯದು ಖಾಲಿಯಿತ್ತು. ಅದನ್ನು ಆಪಾಗೆ ಬಿಟ್ಟರು. ಆಕೆ ಮೊದಲ ದಿನ ಎಲ್ಲ ಮನೆಗಳ ಮೇಲೂ ಹಿಡಿಕೆ ಆಡಿಸಿ, ತಾನು ಕೇಳಿದ್ದ ಸದ್ದುಗಳಿಗೆಲ್ಲ ಮುಖ ಎಂಥದೆಂದು ನೋಡಿದಳು. “ಇಷ್ಟೇನಾ?” ಎಂದು ಕೆಲವಕ್ಕೆ ನಕ್ಕಳು. ಮುಸ್ತಫಾ ಆಡಿದಾಗ ಆರಿಸಿಕೊಂಡದ್ದು ಹನ್ನಾಳನ್ನು. ಅಂಗಡಿಯ ಹನ್ನೊಂದು ವರ್ಷಗಳಲ್ಲಿ ಅವಳನ್ನು ಆರಿಸಿಕೊಂಡವರು ಬೆರಳೆಣಿಕೆಯಷ್ಟೂ ಇರಲಿಲ್ಲವೆಂದು ಮಾಮು ಹೇಳಿದರು. ಹನ್ನೆರಡನೆಯ ಮನೆಗೆ ಏನು ಬೇಕೆಂದು ಆಪಾ ಇನ್ನೂ ಹೇಳಿಲ್ಲ, ಅವಸರವಿಲ್ಲ ಎನ್ನುತ್ತಾಳೆ.

ಇಂಥ ಪೆಟ್ಟಿಗೆ ಮಾಡಬೇಕೆಂದು ಈಚೆಗೆ ಯಾದಗಿರಿ, ಸುರಪುರದ ಕೆಲವರು ನನ್ನ ಅಂಗಡಿಗೆ ಬಂದು ಯಾವ ಫ್ರಂಟ್ ಎಂಡ್ ಒಳ್ಳೆಯದೆಂದು ಕೇಳುತ್ತಾರೆ. ಮಕ್ಕಳಿರುವ ಮನೆಗೆ ಒಂದು, ಹಣ ಖರ್ಚು ಮಾಡಿ ಅಂದ ನೋಡುವವರಿಗೆ ಒಂದು, ಕೈಯಾರೆ ಕಟ್ಟಿಕೊಳ್ಳುವವರಿಗೆ ಒಂದು ಎಂದು ಹೇಳುತ್ತೇನೆ. ಅದಕ್ಕೂ ಮೊದಲು ಪೆಟ್ಟಿಗೆಯ ಮುಂದೆ ನಿಲ್ಲುವವರು ಯಾರು, ಅವರಿಗೆ ಯಾವ ಅಕ್ಷರ ಬರುತ್ತದೆ, ಇಷ್ಟು ದಿನ ಹೊರಗೆ ನಿಂತವರು ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳುತ್ತೇನೆ. ಕೆಲವರು ಉತ್ತರ ಹೇಳುತ್ತಾರೆ. ಕೆಲವರು ಮನೆಗೆ ಹೋಗಿ ಕೇಳಿಕೊಂಡು ಬರುತ್ತೇವೆ ಎನ್ನುತ್ತಾರೆ.